ಕೆಳಗಿನ ಓಣಿಯ ಫೈಲು

ಎರಡನೆಯ ಸಭೆಯ ದಿನವೂ ಕೆಳಗಿನ ಓಣಿಯ ಹುಲಿಗೆವ್ವನನ್ನು ಪರದೆಯ ಮೇಲೆ ತೆರೆಸಿಟ್ಟು, ಕಂಪ್ಯೂಟರ್ ಕೋಣೆಗೆ ಬೀಗ ಹಾಕಿಕೊಂಡು ಪುರಸಭೆಯ ಮುಖ್ಯಾಧಿಕಾರಿ ಸಾಹೇಬರು ಸಭೆಗೆ ಹೋದರು. ಹುಲಿಗೆವ್ವ ಪುರಸಭೆಯ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿದವಳು ಹಾಗೆಯೇ ನಿಂತಳು. ಒಳಗೆ, ಕೆಳಗಿನ ಓಣಿಯಿಂದ ಆಕ್ಷೇಪ ಹೇಳಲು ಯಾರೂ ಹಾಜರಿಲ್ಲ ಎಂದು ಬರೆದುಕೊಂಡರು. ಸಭೆ ಮುಗಿಯಿತು, ಚಹಾ ಚೂಡಾ ಮುಗಿಯಿತು, ಆಮೇಲೆ ಸಾಹೇಬರು ಬೀಗ ತೆಗೆದು ಅವಳನ್ನು ಪರದೆಯಿಂದ ಬಿಟ್ಟರು. ಅವಳು ಎತ್ತಿದ ಕಾಲನ್ನು ಮೇಲಿನ ಮೆಟ್ಟಿಲಿಗೆ ಇಟ್ಟು ಒಳಗೆ ಬಂದಳು. ಖಾಲಿ ಕುರ್ಚಿಗಳಿದ್ದವು.

ನಾನು ಈ ಊರಿಗೆ ಬಂದದ್ದು ಪುರಸಭೆಯ ಹಳೆಯ ಕಂಪ್ಯೂಟರನ್ನು ನೋಡಿಕೊಳ್ಳುವ ಕೆಲಸಕ್ಕೆ. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಎಂದರೆ ಏನೆಂದು ತಿಳಿಯದ ಡಾಸ್ ಕಾಲದ ಯಂತ್ರ. ಊರಿನ ಪ್ರತಿ ಓಣಿಗೊಂದು ಫೈಲು, ಫೈಲಿನಲ್ಲಿ ಪ್ರತಿ ಮನುಷ್ಯನಿಗೊಂದು ದಾಖಲೆ. ಹೊಸ ಯಂತ್ರ ತರೋಣವೆಂದು ಹಿಂದೊಮ್ಮೆ ಮಾತು ಬಂದಿತ್ತಂತೆ. ಇದರಿಂದ ಅದಕ್ಕೆ ಊರನ್ನು ಸಾಗಿಸುವಾಗ ನಡುದಾರಿಯಲ್ಲಿ ಯಾರಾದರೂ ಬಿದ್ದುಹೋದರೆ ಹೊಣೆ ಯಾರು ಎಂದು ಒಬ್ಬ ಮುದುಕಿ ಕೇಳಿದಳಂತೆ. ಮಾತು ಅಲ್ಲಿಗೇ ನಿಂತಿತು.

ಬಸ್ಸಿಳಿದ ದಿನವೇ ರಸ್ತೆಯ ನಡುವೆ ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಒಂದು ಕಾಲು ಊರಿ ಕಲ್ಲಿನಂತೆ ನಿಂತಿದ್ದ. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಅವನ ತಲೆಗೆ ಕೊಡೆ ಹಿಡಿದು ಸೇಂಗಾ ತಿನ್ನುತ್ತಿದ್ದಳು.

“ಏನಾತ್ರೀ ಇವರಿಗೆ?” ಎಂದೆ.

“ಏನಾಗೇತಿ? ಪರದಿಗೆ ಹೋಗ್ಯಾರ. ಮನಿ ನಂಬರ ತಿದ್ದಾಕ ಕೊಟ್ಟಿದ್ರು ಕಾಣ್ತೈತಿ. ಈಗ ಬರ್ತಾರ. ಸೇಂಗಾ ತಗೋರಿ ಅಕ್ಕಾರ.”

ಪುರಸಭೆಯಲ್ಲಿ ಯಾರ ದಾಖಲೆಯನ್ನು ತಿದ್ದಲು ತೆರೆಯುತ್ತಾರೋ ಅವರು ಇದ್ದಲ್ಲೇ ನಿಲ್ಲುತ್ತಾರೆ, ಮುಚ್ಚಿದ ಮೇಲೆ ಹೊರಡುತ್ತಾರೆ. ಅದಕ್ಕೆ ಊರು ತನ್ನನ್ನು ಹೊಂದಿಸಿಕೊಂಡಿದೆ. ಕ್ಷೌರದವರ ದಾಖಲೆಯನ್ನು ಮಂಗಳವಾರ ಬಿಟ್ಟು ಬೇರೆ ದಿನ ತೆರೆಯುವಂತಿಲ್ಲ. ಬಸ್ಸಿನ ಡ್ರೈವರ್‌ನದನ್ನು ಬಸ್ಸು ನಿಲ್ದಾಣದಲ್ಲಿದ್ದಾಗ ಮಾತ್ರ. ಮದುವೆಯ ದಿನ ಎರಡೂ ಕಡೆಯವರು ಕಚೇರಿಗೆ ಸಕ್ಕರೆ ಕಳಿಸುತ್ತಾರೆ, ತಾಳಿ ಹಿಡಿದ ಕೈ ನಡುವೆ ನಿಲ್ಲದಿರಲೆಂದು. ಜಗಳದ ನಡುವೆ ಸೊಸೆ ಪರದೆಗೆ ಹೋದರೆ ಅತ್ತೆ ಒಂದು ನಿದ್ದೆ ತೆಗೆದು ಎದ್ದು ಬಂದು ಬೈಗುಳದ ಉಳಿದರ್ಧ ಕೇಳಿಸಿಕೊಳ್ಳುತ್ತಾಳೆ. ನಿಂತವರನ್ನು ಮೊದಲು ಕಂಡವರು ಅವರಿಗೆ ನೆರಳು ಹಿಡಿಯಬೇಕು, ತಲೆಯ ಮೇಲಿನ ಕೊಡ ಇಳಿಸಬೇಕು, ಒಲೆ ಆರಿಸಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ಮಕ್ಕಳಿಗೆ ನಡೆಯಲು ಬಂದ ಹಾಗೆ ಇದೂ ಬರುತ್ತದೆ. ನೆರಳು ಹಿಡಿಯುವಾಗ ಇಲ್ಲಿ ಯಾರೂ ಓಣಿ ಯಾವುದೆಂದು ಕೇಳುವುದಿಲ್ಲ. ನೀರು ಕೇಳಿದಾಗ ಮಾತ್ರ ಕೇಳುತ್ತಾರೆ.

ನನಗೆ ಈ ಊರು ಹಿಡಿಸಿತು. ನಾನು ಕಂಡ ಬೇರೆ ಊರುಗಳಲ್ಲಿ ಮನುಷ್ಯ ನಡುರಸ್ತೆಯಲ್ಲಿ ನಿಂತರೆ ಹಾರ್ನು ಹೊಡೆಯುತ್ತಾರೆ.

ನನಗಿಂತ ಮೊದಲಿದ್ದ ಗುಮಾಸ್ತನ ಕಥೆಗಳು ಬಹಳ. ಒಂದು ದಿನ ಮಂಗಳವಾರವೆಂದುಕೊಂಡು ಕ್ಷೌರದವನ ದಾಖಲೆ ತೆರೆದು, ಹಾಗೆಯೇ ಬಿಟ್ಟು ಚಹಾಕ್ಕೆ ಹೋಗಿದ್ದನಂತೆ. ಅಂಗಡಿಯಲ್ಲಿ ಗಿರಾಕಿಯ ಗಂಟಲ ಮೇಲೆ ಕತ್ತಿ ನಿಂತುಬಿಟ್ಟಿತು. ಗುಮಾಸ್ತ ಚಹಾ ಕುಡಿದು, ಎಲೆ ಅಡಿಕೆ ಹಾಕಿ, ಮಾತಾಡಿ ಬರುವವರೆಗೆ ಗಿರಾಕಿ ಉಗುಳು ನುಂಗದೆ ಕೂತಿದ್ದ. ಆತ ಇವತ್ತಿಗೂ ಗಡ್ಡ ಬಿಟ್ಟಿದ್ದಾನೆ. ಇನ್ನೊಮ್ಮೆ ಕಲ್ಮೇಶಿ ಎಂಬುವವನ ದಾಖಲೆ ಬರೆಯುತ್ತಿರುವಾಗ ಯಾರೋ ಕಾಲಿಗೆ ತೊಡರಿತೆಂದು ವೈರು ಕಿತ್ತರು. ಅಂದಿನಿಂದ ಕಲ್ಮೇಶಿಯ ಯಾವ ಮಾತೂ ಕೊನೆ ಮುಟ್ಟುವುದಿಲ್ಲ. “ನಾಳಿ ಸಂತಿಗೆ ಹೋಗಿ” ಎಂದು ನಿಲ್ಲುತ್ತಾನೆ. ಸುತ್ತಲಿದ್ದವರು ಎಮ್ಮೆ ತರ್ತೀಯೇನು, ಬೆಲ್ಲ ತರ್ತೀಯೇನು ಎಂದು ಒಂದೊಂದು ಕೊನೆ ಕೊಡುತ್ತಾರೆ. ಅವನು ಬೇಕಾದ್ದು ಆರಿಸಿಕೊಂಡು ನಗುತ್ತಾನೆ. ಸುಖವಾಗಿಯೇ ಇದ್ದಾನೆ, ಆದರೆ ಅದರ ನಂತರ ವೈರು ಕೀಳುವ ಧೈರ್ಯ ಯಾರಿಗೂ ಇಲ್ಲ.

ಈಗಿನ ಗುಮಾಸ್ತ ಲಾಲೇಸಾಬ. ಯಾರು ಏನು ಹೇಳಿದರೂ “ಆತ್ರಿ” ಎನ್ನುವ ಮನುಷ್ಯ. ಕೂತ ಕುರ್ಚಿಯನ್ನು ಯಾರಾದರೂ ಕೇಳಿದರೆ ಮೊದಲು ಒರೆಸಿ ಆಮೇಲೆ ಕೊಡುತ್ತಿದ್ದ. ಅವನಿಗೆ ನಾನು ಕೆಲಸ ಹೇಳಿಕೊಟ್ಟೆ. ನೋಡಬೇಕಾದರೆ ನೋಡುವುದಕ್ಕೆ ತೆರೆ, ತಿದ್ದುವುದಕ್ಕೆ ತೆರೆಯಬೇಡ. ಬರೀ ನೋಡಿದರೆ ಯಾರೂ ನಿಲ್ಲುವುದಿಲ್ಲ. ತಿದ್ದುವುದಿದ್ದರೆ ಏನು ಬರೆಯಬೇಕೆಂದು ಮೊದಲೇ ಯೋಚಿಸಿಕೊ, ತೆರೆದ ಮೇಲೆ ಯೋಚಿಸುತ್ತಾ ಕೂರಬೇಡ, ಅಲ್ಲಿ ಬಿಸಿಲಲ್ಲೊಬ್ಬರು ನಿಂತಿರುತ್ತಾರೆ. ಬರೆದೆಯಾ, ಬಿಡು. ಅಳಿಸು ಎಂದರೆ ಈ ಯಂತ್ರ ಕೂಡಲೇ ಅಳಿಸುವುದಿಲ್ಲ, ಪಕ್ಕದಲ್ಲೊಂದು ಗುರುತಿಡುತ್ತದೆ ಅಷ್ಟೆ. ತಪ್ಪಾದರೆ ಕಿರುಚಿಕೊಳ್ಳಬೇಡ, ಗುರುತು ತೆಗೆ. ಸ್ವಿಚ್ ಆರಿಸುವ ಮೊದಲು ಎಲ್ಲವನ್ನೂ ಮುಚ್ಚು. ಲಾಲೇಸಾಬ ಎಲ್ಲಕ್ಕೂ ಆತ್ರಿ ಎಂದ, ಎಲ್ಲವನ್ನೂ ಮಾಡಿದ. ಸ್ವಲ್ಪ ದಿನದಲ್ಲಿ ಪರದೆಗೆ ಹೋಗುವುದೆಂದರೆ ಒಂದು ಸೀನು ಬಂದಷ್ಟು ಹೊತ್ತಾಯಿತು. ಪೇಟೆಯ ಕೊಡೆ ಅಂಗಡಿಯವನು ನನ್ನನ್ನು ತಡೆದು, “ಅಕ್ಕಾರ, ನಮ್ಮ ಹೊಟ್ಟಿ ಮ್ಯಾಲ ಹೊಡದ್ರಿ ನೋಡ್ರಿ” ಎಂದು ಗೊಣಗಿ ಚಹಾ ಕುಡಿಸಿದ.

ಅಂಥ ದಿನಗಳಲ್ಲಿಯೇ ಹುಲಿಗೆವ್ವನನ್ನು ಎರಡು ಸಲ ನಿಲ್ಲಿಸಿದರು.

ವಿಷಯ ಸಣ್ಣದೆಂದು ಸಾಹೇಬರು ಹೇಳುತ್ತಿದ್ದರು. ಊರಿನ ಕಸ ಬಳಿಯುವವರೆಲ್ಲ ಇರುವುದು ಕೆಳಗಿನ ಓಣಿಯಲ್ಲಿ. ಓಣಿಗೆ ಇದ್ದದ್ದು ಒಂದೇ ನೀರಿನ ಟಾಕಿ. ಅದರ ಬೆನ್ನಿಗೆ ಪುರಸಭೆ ಅಧ್ಯಕ್ಷರ ಮೈದುನ ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದ. ಮಂಟಪಕ್ಕೆ ನೀರು ಬೇಕು, ಟಾಕಿಯನ್ನು ಅದಕ್ಕೆ ಬರೆದುಕೊಡುವುದು. ಇಲ್ಲಿನ ಕಾಯಿದೆಯ ಪ್ರಕಾರ ಇಂಥದ್ದನ್ನು ಮೂರು ಸಭೆಗಳಲ್ಲಿ ಓದಬೇಕು. ತಡೆಯಬೇಕಾದರೆ ಓಣಿಯ ಒಬ್ಬರಾದರೂ ಎದ್ದು ನಿಂತು ಆಕ್ಷೇಪವನ್ನು ಮೊದಲಿಂದ ಕೊನೆಯವರೆಗೆ ತಾವೊಬ್ಬರೇ ಬಾಯಲ್ಲಿ ಹೇಳಬೇಕು. ಅರ್ಧ ಹೇಳಿದ್ದು ಲೆಕ್ಕಕ್ಕಿಲ್ಲ. ಮೂರು ಸಭೆಯಲ್ಲೂ ಯಾರೂ ಹೇಳದಿದ್ದರೆ ಒಪ್ಪಿದಂತೆ.

ಎರಡನೆಯ ಸಭೆಯ ಸಂಜೆ ಹುಲಿಗೆವ್ವ ಮೆಟ್ಟಿಲ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

“ಕಾಲ ಎತ್ತಿದ್ದು ನೆನಪೈತಿ ತಂಗಿ. ಇಡೂದ್ರಾಗ ಸಭೆ ಮುಗದೈತಿ. ಎಂಥಾ ಸಭೆವ್ವ ಇದು, ಹೆಜ್ಜಿಗಿಂತ ಸಣ್ಣದು!”

“ಬಳೆಗಾರ ಸುಶೀಲವ್ವ ಅಲ್ಲೀಮಟಾ ನಿಮಗ ನೆರಳ ಹಿಡಿದಿದ್ಲು” ಎಂದೆ.

“ಹಿಡದಾಕಿಗೆ ಪುಣ್ಯ ಬರ್ಲಿ. ನನಗ ನೆರಳ ಬೇಕಾಗಿರ್ಲಿಲ್ಲ, ಬಾಯಿ ಬೇಕಾಗಿತ್ತು.”

ಒಳಗೆ ಹೋಗಿ ಲಾಲೇಸಾಬನನ್ನು ಕೇಳಿದೆ. ಅವನು ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಾ, “ನಾನ ತೆರದದ್ರಿ. ಸಾಹೇಬ್ರು ತೆರಿ ಅಂದ್ರು. ನಾ ಆತ್ರಿ ಅಂದೆ” ಎಂದ. ಮನೆಗೆ ಹೋಗುವ ಹತ್ತಿರದ ದಾರಿ ಕೆಳಗಿನ ಓಣಿಯ ಮೇಲೇ ಇದ್ದರೂ ಅವತ್ತು ಕೆರೆ ಸುತ್ತಿಕೊಂಡು ಹೋದ.

ನಮ್ಮದೊಂದು ಓದು ಬಳಗವಿತ್ತು. ಭಾನುವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಒಂದು ಪುಟ ಗಟ್ಟಿಯಾಗಿ ಓದುವುದು, ಆಮೇಲೆ ಅದರ ಮೇಲೆ ಮನಸಾರೆ ಜಗಳವಾಡುವುದು. ನಾನು ಬೆಳೆದದ್ದೇ ಅಂಥ ಕೋಣೆಗಳಲ್ಲಿ. ಆ ಭಾನುವಾರ ಕೆಳಗಿನ ಓಣಿ ಪೂರಾ ಬಂದಿತ್ತು. ಚಾಪೆ ಸಾಲದೆ ಕೆಲವರು ಹಳೆಯ ಪೇಪರಿನ ಕಟ್ಟುಗಳ ಮೇಲೆ ಕೂತರು. ಹುಲಿಗೆವ್ವನ ನಾದಿನಿ ಯಮನವ್ವ, ಊರಿನಲ್ಲೇ ಹರಿತ ಬಾಯಿಯವಳು, “ಇವತ್ತ ಯಾವ ಪುಸ್ತಕ ಓದೂದ್ರಿ ಮತ್ತ?” ಎಂದು ಕೇಳಿದಳು.

“ಇವತ್ತ ಯಂತ್ರ ಓದೂಣು” ಎಂದೆ.

ಆ ಕೋಣೆಯ ಮೂಲೆಯಲ್ಲಿ ಇನ್ನೊಂದು ಪರದೆಯಿದೆ. ಜನ ತಮ್ಮ ದಾಖಲೆಯನ್ನು ತಾವೇ ಬಂದು ನೋಡಲಿ ಎಂದು ಹಿಂದಿನ ಯಾವನೋ ಒಳ್ಳೆಯ ಅಧ್ಯಕ್ಷ ಹಾಕಿಸಿದ್ದು. ಅದರಲ್ಲಿ ತಿದ್ದಲು ಬರುವುದಿಲ್ಲ, ನೋಡಬಹುದು. ಯಾರೂ ನೋಡದೆ ಅದರ ಮೇಲೆ ಪೇಪರು ಒಣಹಾಕಿದಂತೆ ನೇತುಬಿದ್ದಿರುತ್ತಿತ್ತು. ನಾನು ಪೇಪರು ಸರಿಸಿ ಯಂತ್ರದ ಎರಡು ಗುಣ ಹೇಳಿದೆ. ಸಾಹೇಬರ ಪರದೆ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ತೆರೆದಿಡಬಲ್ಲದು. ಇನ್ನೊಬ್ಬರನ್ನು ತೆರೆದರೆ ಮೊದಲಿನವರು ತಾವಾಗಿ ಬಿಡುಗಡೆ. ಒಂದು ಓಣಿಯನ್ನು ಒಟ್ಟಿಗೆ ನಿಲ್ಲಿಸಬೇಕಾದರೆ ಇಡೀ ಫೈಲನ್ನು ತನಗೊಬ್ಬನಿಗೇ ತೆಗೆದುಕೊಳ್ಳಬೇಕು. ವರ್ಷಕ್ಕೊಮ್ಮೆ ರಿಪೇರಿಯ ದಿನ ಹಾಗೆ ಮಾಡುತ್ತೇವೆ. ಅವತ್ತು ಊರೆಲ್ಲ ಒಲೆ ಆರಿಸಿ, ಕೂಸುಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿರುತ್ತದೆ. ಆದರೆ ಆ ಫೈಲನ್ನು ಬೇರೆ ಯಾವುದೇ ಪರದೆಯಲ್ಲಿ ಒಬ್ಬರು ಸುಮ್ಮನೆ ನೋಡುತ್ತಾ ಕೂತಿದ್ದರೂ ಯಂತ್ರ ಅದನ್ನು ಇನ್ನೊಬ್ಬರಿಗೆ ಪೂರಾ ಕೊಡುವುದಿಲ್ಲ.

ಹುಲಿಗೆವ್ವ ಇದನ್ನು ಎಲೆ ಅಡಿಕೆಯ ಜೊತೆ ಅಗಿದಳು. “ಅಂದ್ರ ಒಬ್ಬಾಕಿನ ಯಾವಾಗ ಬೇಕಾದ್ರೂ ನಿಲ್ಲಸಬೌದು. ಓಣಿ ನಿಲ್ಲಸಬೇಕಂದ್ರ ಯಾರೂ ನೋಡಿರಬಾರದು.”

“ಹೌದ್ರಿ.”

“ಇದ ಬರೇ ಯಂತ್ರದ ಮಾತಲ್ಲ ಬಿಡವ್ವ.”

ಎಲ್ಲರೂ ಸಭೆಗೆ ಹೋಗುವುದು, ಒಬ್ಬರನ್ನು ನಿಲ್ಲಿಸಿದರೆ ಇನ್ನೊಬ್ಬರು ಹೇಳುವುದು ಎಂದಾಯಿತು. ನೋಡುತ್ತಾ ಕೂರುವವರು ಯಾರು? ಓಣಿಯವರು ಸಭೆಯಲ್ಲಿರಬೇಕು. ನನ್ನನ್ನು ಅವತ್ತು ಸಾಹೇಬರು ಕೋಣೆ ಬಿಟ್ಟು ಕದಲಲು ಬಿಡುವುದಿಲ್ಲ. ಬಳಗದ ಉಳಿದವರೆಲ್ಲ ಶಾಲೆ, ಅಂಗಡಿ, ಗಿರಣಿ ಎಂದು ಒಂದೊಂದು ಕಡೆ ಸಿಕ್ಕಿಕೊಂಡವರು. ಆಗ ಬಾಗಿಲ ಬಳಿಯಿಂದ, “ನಾ ಕುಂದರ್ಲೇನ್ರಿ?” ಎಂಬ ದನಿ ಬಂತು. ಲಾಲೇಸಾಬ. ಯಾವಾಗ ಬಂದು ನಿಂತಿದ್ದನೋ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ.

“ನೀನಾ?” ಯಮನವ್ವ ಕೈ ಬಾಯಿಗಿಟ್ಟುಕೊಂಡಳು. “ನೀ ಏನ್ ಕುಂದರ್ತೀಯೋ ಯಪ್ಪಾ? ಸಾಹೇಬ್ರು ಏಳಂದ್ರ ಎದ್ದು, ಕುರ್ಚಿನೂ ಹೊತಗೊಂಡು ಹೋಗಾಂವ ನೀನು.”

ಕೋಣೆಯೆಲ್ಲ ನಕ್ಕಿತು. ಲಾಲೇಸಾಬನೂ ನಕ್ಕ. “ಅದೂ ಖರೇನ ಐತ್ರಿ” ಎಂದ. ಆದರೂ ಅಲ್ಲಿಂದ ಹೋಗಲಿಲ್ಲ. ಬೇರೆ ಯಾರೂ ಇರಲಿಲ್ಲ. ಹುಲಿಗೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, “ಕುಂದ್ರು. ಎದ್ದಿ ಅಂದ್ರ ನಮ್ಮ ನೀರ ಹೋಗತೈತಿ, ಇಷ್ಟ ನೆನಪಿಡು” ಎಂದಳು.

ಮೂರನೆಯ ಸಭೆಯ ದಿನ ಲಾಲೇಸಾಬ ರಜೆ ಹಾಕಿದ. ಸಾಹೇಬರು ನನ್ನನ್ನು ಕರೆದರು.

“ಮೇಡಂ, ಕೆಳಗಿನ ಓಣಿ ಫೈಲು ಭಾಳ ಕೆಟ್ಟದ. ಇವತ್ತ ರಿಪೇರಿ ಆಗಬೇಕು.”

“ಫೈಲಿಗೆ ಏನೂ ಆಗಿಲ್ರಿ ಸರ.”

“ಆಗೇದ ಅಂತ ನಾ ಹೇಳಾಕತ್ತೀನಲ್ಲ?”

“ನಾ ಕೈ ಹಚ್ಚೂದಿಲ್ರಿ. ಕೆಡದೇ ಇದ್ದದ್ದನ್ನ ರಿಪೇರಿ ಮಾಡೂದು ನನಗ ಬರೂದಿಲ್ಲ.”

ಅವರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕೂತು, ಒಂದೇ ಬೆರಳಿನಿಂದ ಕುಟ್ಟಿದರು. ಯಂತ್ರ ಒಮ್ಮೆ ಕೂಗಿ, ಈ ಫೈಲು ಬೇರೆಡೆ ತೆರೆದಿದೆ ಎಂದು ಹಸಿರು ಅಕ್ಷರದಲ್ಲಿ ಹೇಳಿತು. ಮತ್ತೆ ಕುಟ್ಟಿದರು. ಮತ್ತೆ ಅದೇ. ಅಷ್ಟರಲ್ಲಿ ಕಿಟಕಿಯಾಚೆ ಸಭೆ ಶುರುವಾಗಿತ್ತು. ಯಾವಾಗಲೂ ಗೋಡೆಗೊರಗಿ ನಿಲ್ಲುತ್ತಿದ್ದ ಕೆಳಗಿನ ಓಣಿ ಅವತ್ತು ಕುರ್ಚಿಗಳ ಮೇಲೆ ಕೂತಿತ್ತು.

ಅಧ್ಯಕ್ಷರು ಠರಾವು ಓದಿ, “ಆಕ್ಷೇಪ ಯಾರದರ ಅದ ಏನು?” ಎಂದರು.

ಹುಲಿಗೆವ್ವ ಎದ್ದಳು. “ಐತ್ರಿ. ನಮ್ಮ ಟಾಕಿ” ಎಂದವಳು ಬಾಯಿ ತೆರೆದು ನಿಂತಳು. ಸಾಹೇಬರ ಬೆರಳು ಅವಳ ಹೆಸರಿನ ಮೇಲಿತ್ತು.

ಯಮನವ್ವ ಎದ್ದಳು. “ನಮ್ಮ ಟಾಕಿ ನಮ್ಮ ಅಜ್ಜ ಮುತ್ಯಾ ಕಲ್ಲ ಹೊತ್ತು ಕಟ್ಟಿದ್ದು, ಅದನ್ನ” ಎಂದು ನಿಂತಳು. ಆಗ ಪರದೆಯಿಂದ ಬಿಡುಗಡೆಯಾದ ಹುಲಿಗೆವ್ವ ಮಾತು ಮುಂದುವರಿಸಿದಳು. “ಅದನ್ನ ಮಂಟಪಕ್ಕ ಬರಕೊಡಾಕ ನೀವ್ಯಾರು?” ಸಾಹೇಬರು ಬೆವರುತ್ತಾ ಮತ್ತೆ ಅವಳನ್ನು ಹುಡುಕುವಷ್ಟರಲ್ಲಿ ಹಿಂದಿನ ಸಾಲಿನ ಮರಿಯಪ್ಪ ಎದ್ದಿದ್ದ; ಮರಿಯಪ್ಪನನ್ನು ಹಿಡಿದರೆ ಅವನ ಮಗಳು. ಒಂದೇ ಮಾತು ಓಣಿಯ ಬಾಯಿಂದ ಬಾಯಿಗೆ ಬಿಂದಿಗೆಯಂತೆ ಹೋಗುತ್ತಿತ್ತು. ಪೂರಾ ಒಬ್ಬರ ಬಾಯಲ್ಲಿ ಮಾತ್ರ ಮುಗಿಯುತ್ತಿರಲಿಲ್ಲ.

“ಒಬ್ಬೊಬ್ಬರ ಮಾತಾಡ್ರಿ!” ಅಧ್ಯಕ್ಷರು ಮೇಜು ಬಡಿದರು.

“ಒಬ್ಬೊಬ್ಬರ ಮಾತಾಡಾಕತ್ತೀವ್ರಿ” ಯಮನವ್ವ ಹೇಳಿದಳು. “ನಡುವ ಬಾಯಿ ಮುಚ್ಚಸಾವ್ರಿಗೆ ಸ್ವಲ್ಪ ದಮ್ಮ ತಗೋ ಅನ್ರಿ, ಬೆರಳ ನೋಯತಿರಬೇಕು.”

ಸಭೆ ನಕ್ಕಿತು. ಅಧ್ಯಕ್ಷರ ಪಕ್ಕದವರೂ ನಕ್ಕರು. ನನಗೆ ಅಷ್ಟು ಸಂತೋಷ ಬಹಳ ದಿನಗಳಿಂದ ಆಗಿರಲಿಲ್ಲ. ಸಾಹೇಬರು ಕಿಟಕಿಯಿಂದ ತಲೆ ಹಾಕಿ ಅಧ್ಯಕ್ಷರಿಗೆ ಸನ್ನೆ ಮಾಡಿದರು. ಅಧ್ಯಕ್ಷರು ಚಹಾಕ್ಕೆ ಬಿಡುವು ಎಂದು ಸಾರಿದರು.

“ಎಲ್ಲಿ ತೆರದೈತಿ ಅದು?” ಸಾಹೇಬರು ನನ್ನತ್ತ ತಿರುಗಿದರು.

“ಗ್ರಂಥಾಲಯದಾಗ್ರಿ. ಲಾಲೇಸಾಬ ನೋಡಾಕತ್ತಾನ.”

ಅವರಿಗೆ ನಗು ಬಂತು. ಲಾಲೇಸಾಬನೆಂದ ಮೇಲೆ ಏನಿದೆ? ಪೇಟೆಯ ಫೈಲಿನಲ್ಲಿ ಅವನನ್ನು ಹುಡುಕಿ ತೆರೆದರು. ಅಂಗಳದಾಚೆ ಗ್ರಂಥಾಲಯದ ಕಿಟಕಿಯಲ್ಲಿ ಲಾಲೇಸಾಬನ ತಲೆ ಅಲ್ಲಾಡುವುದು ನಿಂತಿತು. ಇದನ್ನು ನಾನು ಯೋಚಿಸಿರಲೇ ಇಲ್ಲ. ಅವನನ್ನು ಕಲ್ಲು ಮಾಡಿ ಸಾಹೇಬರು ಹಾಗೆಯೇ ಇನ್ನೊಮ್ಮೆ ಓಣಿಯ ಫೈಲು ಕೇಳಿದರು. ಯಂತ್ರ ಮತ್ತೆ ಕೂಗಿತು. ನೋಡುವವನು ಎಚ್ಚರವಿದ್ದಾನೋ ಇಲ್ಲವೋ ಅದಕ್ಕೆ ಬೇಕಿರಲಿಲ್ಲ, ಅವನ ಮುಂದೆ ಫೈಲು ತೆರೆದಿತ್ತು. ಬಾಗಿಲ ಹೊರಗೆ ಗ್ರಂಥಾಲಯದ ಆಯಾ ಅವನಿಗೆ ಬೀಸಣಿಗೆ ಹಾಕಲು ಓಡುವುದು ಕಂಡಿತು.

“ಅಲ್ಲಿ ವೈರ್ ಕೀಳ್ರಿ.”

“ಕಿತ್ರ ಏನಾಗತದ ನನಗೂ ಗೊತ್ತಿಲ್ರಿ ಸರ. ಕಲ್ಮೇಶಿನ ಕೇಳಿ ನೋಡ್ರಿ.”

ಸಾಹೇಬರು ಲಾಲೇಸಾಬನನ್ನು ಪರದೆಯಿಂದ ಬಿಟ್ಟು ಎದ್ದರು. ಅಂಗಳ ದಾಟಿ ಹೊರಟರು, ನಾನು ಹಿಂದೆಯೇ ಹೋದೆ. ಚಹಾದ ಲೋಟ ಹಿಡಿದ ಕೆಳಗಿನ ಓಣಿಯವರು ನಮ್ಮನ್ನು ನೋಡಿದರು. ನಗು ನಿಂತಿತು. ಲಾಲೇಸಾಬ ಎದ್ದರೆ ಚಹಾ ಮುಗಿಯುವಷ್ಟರಲ್ಲಿ ಅವರೆಲ್ಲ ಲೋಟ ಹಿಡಿದುಕೊಂಡೇ ನಿಂತಿರುತ್ತಾರೆ, ಮತ್ತೆ ಹೊರಡುವಾಗ ಟಾಕಿ ಇರುವುದಿಲ್ಲ. ಹುಲಿಗೆವ್ವ ನನ್ನ ಮುಖ ನೋಡಿದಳು.

ಲಾಲೇಸಾಬ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಸಾಲಿನ ಮೇಲೆ ಬೆರಳು ಓಡಿಸುತ್ತಾ ತುಟಿ ಆಡಿಸುತ್ತಿದ್ದ. ಸಾಹೇಬರ ಬೂಟಿನ ಸದ್ದಿಗೆ ಅವನ ಮೊಣಕಾಲುಗಳು ತಾವಾಗಿಯೇ ಮೇಲೆದ್ದವು. ಅರ್ಧ ಎದ್ದು, ಕುರ್ಚಿಯ ತೋಳು ಹಿಡಿದುಕೊಂಡ.

“ಫೈಲ್ ಮುಚ್ಚು. ಮನಿಗೆ ನಡಿ.”

“ಇವತ್ತ ರಜಾ ಹಾಕೀನ್ರಿ ಸಾಹೇಬ್ರ.”

“ರಜಾ ರದ್ದು.”

“ಹಂಗಾರ ಡ್ಯೂಟಿ ಮ್ಯಾಲ ಇದ್ದಂಗಾತ್ರಿ. ಡ್ಯೂಟಿ ಮ್ಯಾಲಿದ್ದಾಂವ ಫೈಲ್ ನೋಡೂದ ತಪ್ಪೇನ್ರಿ?” ಅವನು ಜಾಣತನಕ್ಕೆ ಹೇಳಲಿಲ್ಲ, ನಿಜವಾಗಿಯೂ ಕೇಳಿದ.

“ನೌಕರಿ ಹೋಗತದ ಮಗನ. ಮುಚ್ಚು ಅಂದೆ.”

ಲಾಲೇಸಾಬ ನನ್ನತ್ತ ನೋಡಿದ, ಪರದೆಯತ್ತ ನೋಡಿದ. “ಇದನ್ನೆಲ್ಲಾ ನಾನ ಬರದದ್ರಿ” ಎಂದ. “ಕೊಟ್ಟದ್ದು ಕೊಟ್ಟಂಗ ಬರದೆ, ಒಮ್ಮಿನೂ ಓದಿದ್ದಿಲ್ಲ. ಇವತ್ತ ಮುಂಜಾನಿಂದ ಓದಾಕತ್ತೀನಿ. ಮರಿಯಪ್ಪನ ಮೊಮ್ಮಗ ಇನ್ನಾ ತೊಟ್ಟಲದಾಗ ಅದಾನ್ರಿ. ಕೆಲಸ ಅನ್ನೂ ಕಡೆ ‘ಕಸ ಬಳಿಯೂದು’ ಅಂತ ಐತಿ. ಹಲ್ಲು ಬಂದಿಲ್ಲ ಅದಕ್ಕ. ನಾನ ಬರದೀನ್ರಿ, ನನ್ನ ಬೆರಳ.”

“ಅದನ್ನ ನಾಳೆ ತಿದ್ದಿದ್ರಾತು. ಏಳು ಈಗ.”

ಹೊರಗೆ ಚಹಾ ಮುಗಿದ ಗಂಟೆ ಬಾರಿಸಿದರು. ಕುರ್ಚಿಗಳು ಎಳೆದಾಡುವ ಸದ್ದು, ಆಮೇಲೆ ಹುಲಿಗೆವ್ವ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿಸಿತು. ಲಾಲೇಸಾಬ ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಬೆನ್ನು ಊರಿ, ಪೂರ್ತಿ ಕೂತ.

“ಏಳೂದಿಲ್ರಿ ಸಾಹೇಬ್ರ” ಎಂದ. “ಯಮನವ್ವನ ಮನಿ ಈಗ ಬಂತು.”